ಆಳುಲೆಕ್ಕದ ಪುಟದಲ್ಲಿ ಬರೆದ ನೋವು

ಅಪ್ಪಯ್ಯನ ಆಳುಲೆಕ್ಕದ ಪುಸ್ತಕದಲ್ಲಿ 2024ರ ಜೂನ್ 4ರ ಪುಟ ಉಳಿದ ಪುಟಗಳ ಹಾಗಿಲ್ಲ. ಮೇಲೆ ಅವನ ಅಕ್ಷರದಲ್ಲಿ, ಅಡಿಕೆ ತೋಟಕ್ಕೆ ಮದ್ದು ಹೊಡೆಯಲು ಬಂದ, ಮರ ಹತ್ತುವ ಕೊನೆಗೌಡರ ಲೆಕ್ಕವೂ ಖರ್ಚಾದ ಮೈಲುತುತ್ತ ಮತ್ತು ಸುಣ್ಣದ ತೂಕವೂ ಇವೆ. ಅದರ ಕೆಳಗೆ ನನ್ನ ಅಕ್ಷರದಲ್ಲಿ ಒಂದರಡಿ ಒಂದಾಗಿ ಗಂಟೆ, ನಿಮಿಷಗಳು ಇಳಿದಿವೆ. ನನ್ನ ಮೊದಲ ಹೆರಿಗೆಯ ನೋವನ್ನು ನಾನು ಗುರುತಿಸಿದ್ದು ಆ ಪುಟದ ಮೇಲೆ. ಅದಕ್ಕೂ ಮೊದಲು ಆರು ತಾಸು ಆ ನೋವು ನನ್ನ ಮೈಯಲ್ಲೇ ಇದ್ದರೂ ನಾನು ಗುರುತಿಸಿರಲಿಲ್ಲ. ಸರಿಯಾಗಿ ಹೇಳಬೇಕೆಂದರೆ ಗುರುತಿಸಲು ಒಪ್ಪಿರಲಿಲ್ಲ. ಅದಕ್ಕೆ ಕಾರಣ ಹನ್ನೆರಡು ದಿನ ಹಿಂದಿನ ಒಂದು ರಾತ್ರಿ.

ನನ್ನ ತವರು ಶಿರಸಿ ತಾಲ್ಲೂಕಿನಲ್ಲಿ, ಹುಲೇಕಲ್ ದಾಟಿ ಒಳಕ್ಕೆ ಹೋಗುವ ದಾರಿಯಲ್ಲಿದೆ. ಶಿರಸಿಯ ಆಸ್ಪತ್ರೆಗೆ 27 ಕಿಲೋಮೀಟರ್. ಹಗಲಾದರೆ ಮುಕ್ಕಾಲು ತಾಸು, ಮಳೆಯ ರಾತ್ರಿಯಾದರೆ ಒಂದೂಕಾಲು ತಾಸಿನ ದಾರಿ. ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ ನಡೆಯುವಾಗ ನನಗೆ ಏಳನೇ ತಿಂಗಳು, ಅದು ಮುಗಿದ ಮೇಲೆ ತವರಿಗೆ ಬಂದವಳು ಅಲ್ಲೇ ಉಳಿದೆ. ತಾಯಿ ಕಾರ್ಡಿನಲ್ಲಿ ಹೆರಿಗೆಯ ದಿನ ಜೂನ್ 10 ಎಂದು ಬರೆದಿದ್ದರು. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹಾಕುವ ಆ ದಿನಾಂಕದಂದೇ ಹೆರುವವರು ಇಪ್ಪತ್ತರಲ್ಲಿ ಒಬ್ಬರು ಸಿಕ್ಕರೆ ಹೆಚ್ಚು, 37 ವಾರ ತುಂಬಿದ ಮೇಲೆ ಯಾವ ದಿನವಾದರೂ ಆಗಬಹುದು ಎಂದು ವೈದ್ಯರು ಹೇಳಿದ್ದರು. ಆ ಮಾತನ್ನು ನಾನು ತುಸು ಹೆಚ್ಚೇ ಮನಸ್ಸಿಗೆ ಹಚ್ಚಿಕೊಂಡಿದ್ದೆನೆಂದು ಈಗ ಅನ್ನಿಸುತ್ತದೆ.

ಮೇ 23 ಹುಣ್ಣಿಮೆ. ಅಂದು ಮನೆಯಲ್ಲಿ ಹಲಸಿನ ಹಪ್ಪಳದ ಕೆಲಸ. ಎತ್ತುವ ಇಳಿಸುವ ಕೆಲಸಕ್ಕೆ ನನ್ನನ್ನು ಸೇರಿಸಲಿಲ್ಲವಾದರೂ, ಉಂಡೆ ಕಟ್ಟಿಕೊಡುತ್ತೇನೆಂದು ಹಟ ಮಾಡಿ ಸಂಜೆಯವರೆಗೂ ಮಣೆಯ ಮೇಲೆ ಕುಳಿತಿದ್ದೆ. ವಿಪರೀತ ಸೆಖೆ, ನೀರು ಕುಡಿದದ್ದು ಕಡಿಮೆ. ರಾತ್ರಿ ಒಂಬತ್ತರ ಹೊತ್ತಿಗೆ ಹೊಟ್ಟೆಯ ಮುಂಭಾಗ ಕಲ್ಲಿನ ಹಾಗೆ ಬಿಗಿಯಾಗುವುದು, ಸಡಿಲವಾಗುವುದು, ಮತ್ತೆ ಬಿಗಿಯಾಗುವುದು ಶುರುವಾಯಿತು. ಹುಣ್ಣಿಮೆ ಅಮಾವಾಸ್ಯೆಗೆ ನೋವು ಏಳುವುದು ಹೆಚ್ಚೆಂಬುದು ಆಯಿಯ, ಅಂದರೆ ನನ್ನ ತಾಯಿಯ, ಗಟ್ಟಿ ನಂಬಿಕೆ. ಆ ಹೊತ್ತಿನಲ್ಲಿ ಅವಳೊಡನೆ ವಾದಿಸುವ ಉಮೇದು ನನಗೂ ಇರಲಿಲ್ಲ. ತಮ್ಮ ಓಮ್ನಿ ತೆಗೆದ. ಬಾಣಂತನದ ಬಟ್ಟೆಯ ಗಂಟಿನಿಂದ ಹಿಡಿದು ಬಿಸಿನೀರಿನ ಫ್ಲಾಸ್ಕಿನವರೆಗೆ ಎಲ್ಲವನ್ನೂ ತುಂಬಿಕೊಂಡು, ಹತ್ತೂಮುಕ್ಕಾಲಿಗೆ ಆಸ್ಪತ್ರೆಯ ಬಾಗಿಲಲ್ಲಿದ್ದೆವು.

ಅಲ್ಲಿ ನನ್ನನ್ನು ಎಡಮಗ್ಗುಲಾಗಿ ಮಲಗಿಸಿ, ಎರಡು ಲೋಟ ನೀರು ಕುಡಿಸಿ, ಹೊಟ್ಟೆಗೆ ಪಟ್ಟಿ ಬಿಗಿದು ಮಗುವಿನ ಎದೆಬಡಿತ ನೋಡಿದರು. ಬಿಗಿತ ಒಮ್ಮೆ ಆರು ನಿಮಿಷಕ್ಕೆ ಬಂದರೆ ಮುಂದಿನದು ಇಪ್ಪತ್ತು ನಿಮಿಷಕ್ಕೆ ಬಂದು, ಗಂಟೆ ಕಳೆಯುವುದರೊಳಗೆ ತಾನಾಗಿ ಕರಗಿತು. ಗರ್ಭಕೋಶದ ಬಾಯಿ ಮುಚ್ಚಿಯೇ ಇತ್ತು. ವಯಸ್ಸಾದ ಒಬ್ಬ ನರ್ಸ್ ಮಂಚದ ಅಂಚಿನಲ್ಲಿ ಕುಳಿತು ನನಗೆ ತಿಳಿಸಿ ಹೇಳಿದರು: ನಿಜವಾದ ನೋವಿನಲ್ಲಿ ಗರ್ಭಕೋಶದ ಮೇಲ್ಭಾಗ ಸಂಕುಚಿಸುತ್ತ ಕೆಳಗಿನ ಬಾಯನ್ನು ಮೇಲಕ್ಕೆಳೆದು ತೆಳುವಾಗಿಸುತ್ತದೆ, ತೆರೆಯುತ್ತದೆ, ಈ ಬಗೆಯ ಬಿಗಿತದಲ್ಲಿ ಹೊಟ್ಟೆಯೆಲ್ಲ ಗಟ್ಟಿಯಾದರೂ ಬಾಯಿ ತೆರೆಯುವುದಿಲ್ಲ. ದಣಿದರೆ, ನೀರು ಕಡಿಮೆಯಾದರೆ, ಮೂತ್ರ ಕಟ್ಟಿಕೊಂಡರೆ ಇದು ಹೆಚ್ಚುತ್ತದೆ. ನಡೆದರೆ, ಮಲಗಿದರೆ, ನೀರು ಕುಡಿದರೆ ತಗ್ಗುತ್ತದೆ. ನಿಜವಾದದ್ದು ಇದಾವುದಕ್ಕೂ ಬಗ್ಗುವುದಿಲ್ಲ. ಬ್ರಾಕ್ಸ್ಟನ್ ಹಿಕ್ಸ್ ಎಂಬ ಇಂಗ್ಲಿಷ್ ವೈದ್ಯ 1872ರಲ್ಲಿ ಈ ಬಿಗಿತವನ್ನು ವಿವರಿಸಿ ಬರೆದದ್ದರಿಂದ ಅದಕ್ಕೆ ಅವನ ಹೆಸರೇ ನಿಂತಿದೆ. ನಮ್ಮ ಅಮ್ಮಮ್ಮ ಅದನ್ನು ಕಳ್ಳನೋವು ಎನ್ನುತ್ತಾಳೆ. ಅವಳ ಹೆಸರೇ ಹೆಚ್ಚು ಸರಿಯೆಂದು ನನಗೆ ತೋರುತ್ತದೆ, ಏಕೆಂದರೆ ಅದು ಹೆಚ್ಚಾಗಿ ಬರುವುದು ರಾತ್ರಿ, ಬೆಳಗಾಗುವಾಗ ಸುಳಿವಿರುವುದಿಲ್ಲ.

ಹೊರಡುವಾಗ ವೈದ್ಯರು ಇನ್ನೊಂದು ಮಾತು ಹೇಳಿದರು. ಪೇಟೆಯಲ್ಲಿರುವ ಚೊಚ್ಚಲ ಬಸಿರಿಗೆ, ಐದು ನಿಮಿಷಕ್ಕೊಮ್ಮೆ, ಒಂದೊಂದೂ ಸುಮಾರು ಒಂದು ನಿಮಿಷ ಇರುವಂಥ ನೋವು ಒಂದು ತಾಸು ಬಿಡದೆ ಬಂದರೆ ಹೊರಡಿ ಎನ್ನುತ್ತಾರಂತೆ. ನಮ್ಮಷ್ಟು ದೂರದವರು ಅಷ್ಟು ಕಾಯದೆ ಏಳೆಂಟು ನಿಮಿಷಕ್ಕೆ ಬಂದಾಗಲೇ ಗಾಡಿ ಹತ್ತಬೇಕು. ಆದರೆ ನೀರು ಒಡೆದರೆ, ಕೆಂಪು ರಕ್ತ ಹರಿದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಯಾವ ಎಣಿಕೆಯೂ ಬೇಡ, ತಕ್ಷಣ ಬನ್ನಿ ಎಂದರು.

ಇಷ್ಟು ಚೆನ್ನಾಗಿ ಹೇಳಿ ಕಳುಹಿಸಿದ್ದರೂ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆಯದೇ. ಚೀಟಿ ಬರೆಯುವ ಮೇಜಿನ ಹತ್ತಿರ ಯಾರೋ ಒಬ್ಬರು, ಮೊದಲ ಹೆರಿಗೆಯವರದು ಹೀಗೇ, ಮೂರು ಸಲ ಓಡಿ ಬರುತ್ತಾರೆ ಎಂದು ನಕ್ಕಿದ್ದರು. ಮರುದಿನ ಕೇರಿಯವರೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ, ಹೋಗಿ ಹಾಗೇ ವಾಪಸ್ ಬಂದೆಯಂತೆ ಎಂದು ವಿಚಾರಿಸಿದರು. ಇನ್ನೊಮ್ಮೆ ಹಾಗಾಗಕೂಡದೆಂದು ನಾನು ನಿಶ್ಚಯಿಸಿಬಿಟ್ಟೆ. ತೊಂದರೆಯೆಲ್ಲ ಹುಟ್ಟಿದ್ದು ಆ ನಿಶ್ಚಯದಿಂದ.

ಮುಂದಿನ ವಾರ ಹೊಟ್ಟೆ ಇಳಿಯಿತು. ಎದೆಯ ಕೆಳಗೆ ಒತ್ತುತ್ತಿದ್ದ ಮಗುವಿನ ಭಾರ ಕೆಳಗೆ ಸರಿದು ಉಸಿರಾಟ ಹಗುರಾಯಿತು. ಬದಲಿಗೆ ಗಳಿಗೆಗೊಮ್ಮೆ ಬಚ್ಚಲಿಗೆ ಓಡುವಂತಾಯಿತು, ನಡಿಗೆ ಬಾತುಕೋಳಿಯದಾಯಿತು. ಚೊಚ್ಚಲಿನಲ್ಲಿ ಇದು ಹೆರಿಗೆಗೆ ಎರಡು ಮೂರು ವಾರ ಮೊದಲೇ ಆಗುವುದುಂಟಾದ್ದರಿಂದ ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಜೂನ್ 2ರ ಸಂಜೆ ಒಳಬಟ್ಟೆಯ ಮೇಲೆ ಹಲಸಿನ ಹಣ್ಣಿನ ಲೋಳೆಯಂಥದು ಕಂಡಿತು, ಅದರಲ್ಲಿ ನಸುಗೆಂಪು ಎಳೆಗಳು. ಒಂಬತ್ತು ತಿಂಗಳು ಗರ್ಭಕೋಶದ ಬಾಯಿಗೆ ಬಿರಡೆಯಂತಿದ್ದ ಲೋಳೆ ಅದು. ಅದು ಜಾರಿತೆಂದರೆ ಬಾಯಿ ಮೆತ್ತಗಾಗುತ್ತಿದೆ ಎಂದರ್ಥ. ನೋವು ಕೆಲವೇ ತಾಸಿನಲ್ಲಿ ಬರಬಹುದು, ಹಲವು ದಿನವೂ ಬಿಡಬಹುದು. ಅದು ತಿಳಿದಿದ್ದೂ ನಾನು ಆಯಿಗೆ ಹೇಳಲಿಲ್ಲ. ಹೇಳಿದರೆ ಮತ್ತೆ ಓಮ್ನಿ, ಮತ್ತೆ ಗಂಟು, ಮತ್ತೆ ಕೇರಿಯವರ ಫೋನು.

ಜೂನ್ 4ರಂದು ನಸುಕಿನ ಐದಕ್ಕೆ ಎಚ್ಚರವಾದಾಗ ಸೊಂಟ ಹಿಡಿದುಕೊಂಡಂತಿತ್ತು. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಎರಡು ಸಲ ತೆಳುವಾಗಿ ಭೇದಿಯಾಯಿತು. ಹಿಂದಿನ ದಿನ ಎರಡು ಲೋಟ ಅಪ್ಪೆಹುಳಿ ಕುಡಿದಿದ್ದೆ, ತಪ್ಪನ್ನು ಅದರ ಮೇಲೆ ಹೊರಿಸಿದೆ. ಮಳೆ ಬಿಟ್ಟು ಹೊಳವಾಗಿದ್ದರಿಂದ ಅಪ್ಪಯ್ಯ ಬೆಳಗ್ಗೆಯೇ ತೋಟಕ್ಕಿಳಿದಿದ್ದ. ಅಂದು ಲೋಕಸಭಾ ಚುನಾವಣೆಯ ಮತ ಎಣಿಕೆ. ಎಂಟು ಗಂಟೆಯಿಂದ ತಮ್ಮ ಟಿವಿಯ ಮುಂದೆ. ನಾನೂ ಅಲ್ಲೇ ಗೋಡೆಗೆ ಬೆನ್ನು ಕೊಟ್ಟು ಕುಳಿತೆ. ಯಾರಿಗೆ ಎಷ್ಟು ಮುನ್ನಡೆಯೆಂದು ಅವನು ಕೂಗಿ ಹೇಳುವಾಗ, ನಡುನಡುವೆ ನನಗೆ ಆ ಅಂಕಿಗಳು ಕೇಳಿಸದೇ ಹೋಗುತ್ತಿದ್ದವು. ಸೊಂಟದಿಂದ ಹೊರಟ ನೋವು ಎರಡೂ ಪಕ್ಕೆಯನ್ನು ಬಳಸಿ ಮುಂದೆ ಬಂದು, ತೊಡೆಯವರೆಗೆ ಇಳಿದು, ಅಲ್ಲಿಂದ ಬಿಟ್ಟುಬಿಡುತ್ತಿತ್ತು. ಕಳ್ಳನೋವು ಬಂದದ್ದು ಹೊಟ್ಟೆಗಾದ್ದರಿಂದ, ನಿಜವಾದದ್ದೂ ಹೊಟ್ಟೆಗೇ ಬರಬೇಕೆಂದು ನಾನು ಎಣಿಸಿಕೊಂಡಿದ್ದೆ. ಮಗುವಿನ ತಲೆಯ ಹಿಂಭಾಗ ತಾಯಿಯ ಬೆನ್ನಿನ ಕಡೆಗಿದ್ದಾಗ ನೋವು ಸೊಂಟಕ್ಕೇ ಹೆಚ್ಚು ಬಡಿಯುವುದುಂಟು ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ಬಿಸಿನೀರು ಹೊಯ್ದುಕೊಂಡರೆ ಸರಿಯಾದೀತೆಂದು ಹತ್ತೂವರೆ ಸುಮಾರಿಗೆ ಬಚ್ಚಲಿಗೆ ಹೋದೆ. ಹಂಡೆಯಲ್ಲಿ ನೀರು ಕುದಿಯುವಷ್ಟು ಕಾದಿತ್ತು. ತಣ್ಣೀರು ಬೆರೆಸಿ ಸೊಂಟದ ಮೇಲೆ ಚೊಂಬು ಚೊಂಬಾಗಿ ಹೊಯ್ದುಕೊಂಡೆ. ಹಿಂದಿನ ಸಲದ ನೋವಾಗಿದ್ದರೆ ಅಷ್ಟಕ್ಕೇ ಕರಗಬೇಕಿತ್ತು. ಇದು ಕರಗಲಿಲ್ಲ. ಸ್ನಾನ ಮುಗಿಯುವುದರೊಳಗೆ ಎರಡು ಸಲ ಬಂತು. ಎರಡನೆಯ ಸಲ ಚೊಂಬನ್ನು ಹಂಡೆಯಲ್ಲಿ ಅದ್ದಿದ ಕೈ ಹಾಗೆಯೇ ನಿಂತುಹೋಯಿತು. ಮೇಲೆತ್ತಲು ಮನಸ್ಸು ಬರಲಿಲ್ಲ, ಬಿಡಲೂ ಬರಲಿಲ್ಲ. ಇನ್ನೊಂದು ಕೈಯಿಂದ ಗೋಡೆ ಹಿಡಿದೆ. ನೋವು ಇಳಿದ ಮೇಲೆ ನೋಡಿದರೆ ಅಂಗೈಗೆ ಗೋಡೆಯ ಹೊಗೆಯ ಮಸಿ ಅಂಟಿತ್ತು, ಚೊಂಬು ಹಂಡೆಯ ತಳ ಸೇರಿತ್ತು.

ಬಚ್ಚಲ ಬಾಗಿಲಲ್ಲಿ ಕುಳಿತು ಸೊಪ್ಪು ಸೋಸುತ್ತಿದ್ದ ಅಮ್ಮಮ್ಮ ನಾನು ಹೊರಗೆ ಬಂದದ್ದೇ ನನ್ನ ಮುಖ ನೋಡಿದಳು. ಎಂಬತ್ತನ್ನು ದಾಟಿದ ಅವಳು ಹೆತ್ತದ್ದು ಆರು, ಎಲ್ಲವೂ ಇದೇ ಮನೆಯ ಕತ್ತಲೆಕೋಣೆಯಲ್ಲಿ. ಏನೂ ಕೇಳದೆ, ಮಧ್ಯಾಹ್ನಕ್ಕೆ ಯಾವ ತಂಬುಳಿ ಮಾಡುವುದೆಂದು ಮಾತು ತೆಗೆದಳು. ನಾನು ಉತ್ತರಿಸುತ್ತಿದ್ದೆ. ಮುಂದಿನ ನೋವು ಬಂದಾಗ ಒಂದೆಲಗ ಎಂಬ ಶಬ್ದ ನನ್ನ ಬಾಯಲ್ಲಿ ಅರ್ಧಕ್ಕೇ ಕಡಿಯಿತು.

"ಕೂಸೆ, ಮಾತಾಡಲೆ ಆಗ್ತಿಲ್ಯನೇ?" ಎಂದಳು. ನಾನು ತಲೆಯಾಡಿಸಿದೆ. "ಇದು ಕಳ್ಳನೋವು ಅಲ್ದೇ."

ಅವಳ ಪರೀಕ್ಷೆ ಅಷ್ಟೇ. ಆಮೇಲೆ ಒಬ್ಬ ವೈದ್ಯೆಗೆ ಇದನ್ನು ಹೇಳಿದಾಗ, ತಾವೂ ನೋವಿನ ನಡುವೆ ಮಾತಾಡಿಸಿಯೇ ನೋಡುವುದೆಂದು ಅವರು ಹೇಳಿದರು. ಆದರೂ ನನ್ನೊಳಗಿನ ನಾಚಿಕೆ ಬಿಡಲಿಲ್ಲ. ಬರೆದು ನೋಡೋಣ, ಆಮೇಲೆ ಹೇಳೋಣ ಎಂದೆ. ಕೈಗೆ ಸಿಕ್ಕಿದ್ದು ಮೇಜಿನ ಮೇಲಿದ್ದ ಆಳುಲೆಕ್ಕದ ಪುಸ್ತಕ. ಒಂದು ನೋವು ಶುರುವಾದಲ್ಲಿಂದ ಮುಂದಿನದು ಶುರುವಾಗುವವರೆಗೆ ಎಣಿಸಬೇಕು, ಒಂದು ಮುಗಿದಲ್ಲಿಂದ ಎಣಿಸಬಾರದೆಂದು ನರ್ಸ್ ಹೇಳಿದ್ದು ನೆನಪಿತ್ತು. 11.10, 11.22, 11.33, 11.44, 11.54, 12.03, 12.12, 12.20, 12.28, 12.35. ಪಕ್ಕದಲ್ಲಿ ಎಷ್ಟು ಸೆಕೆಂಡೆಂಬುದು: ಮೊದಲು ನಲವತ್ತು, ಆಮೇಲೆ ನಲವತ್ತೈದು, ಐವತ್ತು. ಕಳೆದ ಸಲದ ಹಾಗೆ ಹಿಂದೆ ಮುಂದೆ ಜಿಗಿಯದೆ, ಒಂದೇ ಕಡೆಗೆ ಸಾಗುವ ಲೆಕ್ಕ. ಸೆಕೆಂಡುಗಳ ಕಾಲಂ 12.28ರಲ್ಲೇ ನಿಂತಿದೆ, ಅದರ ಮುಂದಿನದನ್ನು ಎಣಿಸಲು ನನ್ನಿಂದಾಗಲಿಲ್ಲ.

ಆಗ ಆಯಿಯನ್ನು ಕರೆದೆ. ಎರಡು ದಿನ ಹಿಂದಿನ ಲೋಳೆಯ ಸಂಗತಿಯನ್ನೂ ಹೇಳಿದೆ. ಬೈಯುವಳೆಂದುಕೊಂಡಿದ್ದೆ, ಅವಳು ಗಂಟನ್ನು ಬಿಚ್ಚಿಯೇ ಇರಲಿಲ್ಲ, ಹನ್ನೆರಡು ದಿನದಿಂದ ಅದು ಬಾಗಿಲ ಹಿಂದೆ ಹಾಗೇ ಇತ್ತು. 108ಕ್ಕೆ ಕರೆ ಮಾಡೋಣವೆಂದು ಆಶಾ ಕಾರ್ಯಕರ್ತೆ ಮೊದಲೇ ಹೇಳಿಟ್ಟಿದ್ದರು, ಆದರೆ ಆಂಬುಲೆನ್ಸ್ ಬಂದು ಹೋಗುವ ಹೊತ್ತಿನಲ್ಲಿ ಓಮ್ನಿ ಅರ್ಧ ದಾರಿ ಮುಟ್ಟುತ್ತದೆಂದು ತಮ್ಮ ಟಿವಿ ಆರಿಸಿ ಎದ್ದ. ಅಪ್ಪಯ್ಯ ಬರುವಂತಿರಲಿಲ್ಲ, ಸುಣ್ಣ ಮತ್ತು ಮೈಲುತುತ್ತ ಕೂಡಿಸಿದ ಮದ್ದನ್ನು ಅಂದೇ ಹೊಡೆದು ಮುಗಿಸಬೇಕು, ಇಟ್ಟರೆ ಕೆಡುತ್ತದೆ.

ಹುಲೇಕಲ್ ಹತ್ತಿರ, ರಸ್ತೆಯ ಒಂದು ಗುಂಡಿಗೆ ಗಾಡಿ ಕುಕ್ಕಿದಾಗ ನೀರು ಒಡೆಯಿತು. ಸಿನಿಮಾದಲ್ಲಿ ತೋರಿಸುವಂತೆ ಒಮ್ಮೆಲೇ ಧಾರೆಯಾಗಿ ಹೋಗಲಿಲ್ಲ. ಒಳಗೇನೋ ಟಕ್ಕೆಂದ ಹಾಗಾಗಿ, ಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪವೇ ಇಳಿಯತೊಡಗಿತು. ಮೂತ್ರವಾದರೆ ಬಿಗಿಹಿಡಿದಾಗ ನಿಲ್ಲುತ್ತದೆ, ಇದು ನಿಲ್ಲಲಿಲ್ಲ. ಮೂತ್ರದ ವಾಸನೆಯೂ ಇರಲಿಲ್ಲ. ಆಯಿ ಬಿಳಿಯ ಬಟ್ಟೆಯೊಂದನ್ನು ಕೊಟ್ಟು, ಆಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಹಸಿರೋ ಕಂದೋ ಆಗಿದ್ದರೆ ಮಗು ಒಳಗೇ ಮಲ ಮಾಡಿದೆ ಎಂದರ್ಥ. ಬಟ್ಟೆ ಬರೀ ಒದ್ದೆಯಾಗಿತ್ತು, ಬಣ್ಣವಿರಲಿಲ್ಲ. ಆ ಬಟ್ಟೆಯನ್ನು ಅವಳು ಎಸೆಯದೆ ನರ್ಸಿಗೆ ತೋರಿಸಲೆಂದು ಮಡಿಚಿ ಇಟ್ಟುಕೊಂಡಳು. ಅವರು ಅದನ್ನೇ ಮೊದಲು ಕೇಳಿದರು.

ಒಂದೂಮುಕ್ಕಾಲಿಗೆ ಒಳಗೆ ಕರೆದು ನೋಡಿದಾಗ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿತ್ತು. ಹತ್ತಾಗಬೇಕು. ಮೇಜಿನ ಹತ್ತಿರ ಅಂದು ನಕ್ಕಿದ್ದವರೇ ಇಂದೂ ಇದ್ದರು, ಗುರುತು ಹಿಡಿಯಲಿಲ್ಲ.

ಅಪ್ಪಯ್ಯ ಸಂಜೆಯ ಬಸ್ಸಿಗೆ ಬಂದ. ಎಷ್ಟು ತೊಳೆದರೂ ಹೋಗದ ಮೈಲುತುತ್ತದ ನೀಲಿ ಅವನ ಉಗುರಿನ ಸಂದಿಯಲ್ಲಿತ್ತು. ಆ ಕೈಯಿಂದ ಮಗುವನ್ನು ಮುಟ್ಟಬಾರದೆಂದು ರಾತ್ರಿ ದೂರವೇ ನಿಂತು ನೋಡಿದ. ಮನೆಗೆ ಹೋದವನು ಪುಸ್ತಕ ತೆಗೆದು, ನನ್ನ 12.35ರ ಕೆಳಗೆ, ಅಂದಿನ ಸುಣ್ಣ ಮತ್ತು ಮೈಲುತುತ್ತದ ತೂಕ ಬರೆಯುವ ಕಾಲಮ್ಮಿನಲ್ಲೇ, "ರಾತ್ರಿ 9.50. ಕೂಸು. 2 ಕಿಲೋ 900" ಎಂದು ಬರೆದಿಟ್ಟಿದ್ದಾನೆ.