ಸಿಂಕ್ ಕೆಳಗಿನ ಹಳೆ ಪೈಪು: ರಿಪೇರಿ ಸಾಕಾ, ಬದಲಿಸಬೇಕಾ?

16 ಫೆಬ್ರುವರಿ 2025, ಭಾನುವಾರ
ತುಮಕೂರು

ಅಮ್ಮನ ಅಡುಗೆಮನೆ ಸಿಂಕಿನ ಕೆಳಗಿನ ಜಿಐ ಪೈಪನ್ನು (ಸತುವಿನ ಲೇಪವಿರುವ ಕಬ್ಬಿಣದ ಪೈಪು) ತೆಗೆಸಿಬಿಡುವುದು ಅಂತ ಇವತ್ತು ತೀರ್ಮಾನವಾಯಿತು. ಮನೆ ಕಟ್ಟಿದ್ದು 1988ರಲ್ಲಿ, ಪೈಪೂ ಆಗಿನದೇ. ಅಮ್ಮನಿಗೆ ಅಷ್ಟು ಮನಸ್ಸಿಲ್ಲ. "ತೊಟ್ಟು ತೊಟ್ಟು ಸೋರೋದಕ್ಕೆ ಗೋಡೆ ಒಡೆಸ್ತೀಯಾ? ಒಂದು ವಾಷರ್ ಹಾಕ್ಸಿದ್ರೆ ಆಗಲ್ವಾ?" ಅಂದರು. ಕೇಳುವುದರಲ್ಲಿ ತಪ್ಪೇನಿಲ್ಲ. ಎಷ್ಟೋ ಸಲ ವಾಷರ್ ಸಾಕು.

ಮೊದಲು ಸೋರುತ್ತಿರುವುದು ನೀರು ಬರುವ ಕಡೆಯೋ, ಹೋಗುವ ಕಡೆಯೋ ಅಂತ ನೋಡಬೇಕು. ಕೆಳಗಿರುವ ಡಬ್ಬ, ಬಕೆಟ್ ಎಲ್ಲ ಹೊರಗಿಟ್ಟು, ಪೈಪು ಒಣಗುವ ಹಾಗೆ ಒರೆಸಿ, ನೆಲಕ್ಕೆ ಪೇಪರ್ ಹಾಸಿದೆವು. ಸಿಂಕ್ ತುಂಬಿಸಿ ಒಮ್ಮೆಲೇ ಬಿಟ್ಟಾಗ ಮಾತ್ರ ಪೇಪರ್ ನೆನೆದರೆ ತೊಂದರೆ ವೇಸ್ಟ್ ಪೈಪಿನದು. ನಲ್ಲಿ ಮುಟ್ಟದೇ ಇದ್ದರೂ ನೆನೆದರೆ ಬರುವ ಪೈಪಿನದು.

ವೇಸ್ಟ್ ಪೈಪಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದರಲ್ಲಿ ಒತ್ತಡ ಇರುವುದಿಲ್ಲ, ಬೆಲೆಯೂ ಕಡಿಮೆ. ಸುಕ್ಕುಸುಕ್ಕಾದ ಪಿವಿಸಿ ಪೈಪು ಗಟ್ಟಿಯಾಗಿ ಬಿರುಕು ಬಿಟ್ಟರೆ ಟೇಪ್ ಸುತ್ತುವ ಬದಲು ಹೊಸದು ಹಾಕಿ. ಅನ್ನ ಬಸಿದ ಗಂಜಿಯನ್ನು ಕುದಿಯುವ ಹಾಗೇ ಸಿಂಕಿಗೆ ಸುರಿಯುವ ಅಭ್ಯಾಸವಿದ್ದರೆ ಅದು ಬೇಗ ಹಾಳಾಗುತ್ತದೆ. ಮಾಮೂಲಿ ಪಿವಿಸಿ 60 ಡಿಗ್ರಿ ಮೇಲಿನ ಬಿಸಿಗೆ ಮಾಡಿದ್ದಲ್ಲ. ಮೆತ್ತಗಾಗಿ ಇಳಿಬಿದ್ದ ಕಡೆ ಜಿಡ್ಡು ಕೂರುತ್ತದೆ, ವಾಸನೆ ಶುರುವಾಗುತ್ತದೆ. ಅದರ ಜೊತೆಗೇ ಒಂದು ಬಾಟಲ್ ಟ್ರ್ಯಾಪ್ ಹಾಕಿಸಿದರೆ ಒಳಗೆ ನಿಂತ ನೀರು ವಾಸನೆಯನ್ನೂ ಜಿರಳೆಯನ್ನೂ ತಡೆಯುತ್ತದೆ.

ನಮ್ಮಲ್ಲಿ ನೆನೆದದ್ದು ಬರುವ ಪೈಪಿನ ಕೆಳಗೆ. ಗೋಡೆಯಿಂದ ಪೈಪು ಹೊರಬಂದು, ನಲ್ಲಿಗೆ ಹೋಗುವ ನೀರನ್ನು ಅಲ್ಲೇ ನಿಲ್ಲಿಸುವ ಆಂಗಲ್ ಕಾಕ್‌ಗೆ ಸೇರುವ ಜಾಗದಲ್ಲಿ ಬಿಳಿ ಹೆಪ್ಪು ಕಟ್ಟಿದೆ, ಅದರ ಸುತ್ತ ಕೆಂಪು ತುಕ್ಕು. ಬೋರ್‌ವೆಲ್ಲಿನ ಗಡಸು ನೀರು ಒಂದೊಂದೇ ಹನಿ ಜಿನುಗಿ ಆರಿದರೆ ಒಳಗಿನ ಸುಣ್ಣದಂಶ ಹೀಗೆ ಉಳಿಯುತ್ತದೆ. ಅಂದರೆ ಸೋರಿಕೆ ಈ ವಾರದ್ದಲ್ಲ. ಬೆಳಗಿನ ಮೊದಲ ನೀರು ಕೆಂಪಗೆ ಬರುತ್ತದೆ ಅಂತ ಅಮ್ಮ ಹೋದ ಸಲವೇ ಹೇಳಿದ್ದರು. ನಲ್ಲಿಯ ಧಾರೆಯೂ ಸಣ್ಣದಾಗಿದೆ. ಧಾರೆ ಸಣ್ಣದಾದ ಕೂಡಲೇ ಪೈಪನ್ನು ದೂರಬಾರದು. ನಲ್ಲಿಯ ಬಾಯಲ್ಲಿರುವ ಜಾಲರಿಯನ್ನು ಬಿಚ್ಚಿ ತೊಳೆದರೆ ಎಷ್ಟೋ ಸಲ ಸರಿಹೋಗುತ್ತದೆ. ಇಲ್ಲಿ ಜಾಲರಿ ತೆಗೆದರೂ ಧಾರೆ ಅಷ್ಟೇ. ಬಚ್ಚಲುಮನೆ ನಲ್ಲಿಯಲ್ಲಿ ಮಾತ್ರ ನೀರು ಜೋರಾಗಿ ಬರುತ್ತದೆ. ಹಾಗಾದರೆ ಅಡುಗೆಮನೆಯ ಪೈಪು ಒಳಗೊಳಗೇ ಕಟ್ಟಿಕೊಂಡಿದೆ.

ಪ್ಲಂಬರ್ ಬಂದವರು ಕೈಲಿದ್ದ ಪಾನಾವನ್ನು ಕೆಳಗಿಟ್ಟರು. ಸ್ಕ್ರೂಡ್ರೈವರ್ ತುದಿಯಿಂದ ಥ್ರೆಡ್ (ತಿರುಪಿನ ಗೆರೆ) ಇರುವಲ್ಲಿ ಮೆಲ್ಲಗೆ ಕೆರೆದರು. ಕಬ್ಬಿಣ ಪದರ ಪದರವಾಗಿ ಉದುರಿತು. "ಅಕ್ಕಾ, ಇದಕ್ಕೆ ಪಾನಾ ಹಾಕಿದ್ರೆ ಗೋಡೆ ಒಳಗೇ ಮುರ್ಕೊಳುತ್ತೆ. ಪೂರ್ತಿ ಕೆಲಸಕ್ಕೆ ತಯಾರಿದ್ರೆ ಮುಟ್ತೀನಿ, ಇಲ್ಲಾಂದ್ರೆ ಇವತ್ತು ಬೇಡ" ಅಂದರು. ಹೀಗೆ ಹೇಳುವವರು ಸಿಗುವುದು ಅಪರೂಪ. ಸುಮ್ನೆ ಎಂ-ಸೀಲ್ ಮೆತ್ತಿ ದುಡ್ಡು ತಗೊಂಡು ಹೋಗಬಹುದಿತ್ತು. ಆದರೆ ಉದುರುವ ತುಕ್ಕಿನ ಮೇಲೆ ಯಾವ ಅಂಟು ತಾನೇ ನಿಂತೀತು?

ಜಿಐ ಪೈಪು ಥ್ರೆಡ್ ಇರುವ ಕಡೆಯೇ ಯಾಕೆ ಮೊದಲು ಸೋಲುತ್ತದೆ ಅಂತ ಗೊತ್ತಾದರೆ ಅವರ ಮಾತು ಅರ್ಥವಾಗುತ್ತದೆ. ಅರ್ಧ ಇಂಚಿನ ಮೀಡಿಯಂ ದರ್ಜೆಯ ಪೈಪಿನ ಲೋಹದ ದಪ್ಪ 2.6 ಮಿಲಿಮೀಟರ್. ಥ್ರೆಡ್ ಕೊರೆದಾಗ ಅದರಲ್ಲಿ ಒಂದು ಮಿಲಿಮೀಟರಿಗಿಂತ ಜಾಸ್ತಿ ಹೋಗುತ್ತದೆ. ಮೇಲಿನ ಸತುವಿನ ಲೇಪವೂ ಅಲ್ಲೇ ಕಿತ್ತುಹೋಗುತ್ತದೆ. ಅಂಥ ಜಾಗಕ್ಕೆ ಹಿತ್ತಾಳೆಯ ಆಂಗಲ್ ಕಾಕ್ ಸೇರಿದರೆ, ನೀರಿನಲ್ಲಿ ಎರಡು ಬೇರೆ ಲೋಹಗಳು ಕೂಡಿದಂತಾಗಿ ಕಬ್ಬಿಣ ಇನ್ನೂ ಬೇಗ ಸವೆಯುತ್ತದೆ. ಹಾಗಾಗಿ ನಲ್ಲಿ ಸೋರಿದರೆ ವಾಷರ್, ಥ್ರೆಡ್ ಜೋಡಣೆ ಸಡಿಲವಾಗಿ ಜಿನುಗಿದರೆ ಟೆಫ್ಲಾನ್ ಟೇಪ್, ಆಂಗಲ್ ಕಾಕ್‌ನಿಂದ ನಲ್ಲಿಗೆ ಹೋಗುವ ಕನೆಕ್ಷನ್ ಪೈಪು ಸೀಳಿದರೆ ಹೊಸ ಕನೆಕ್ಷನ್ ಪೈಪು, ಇಷ್ಟೇ ಸಾಕು. ಗೋಡೆಯೊಳಗಿಂದ ಬರುವ ಪೈಪಿನ ಥ್ರೆಡ್ಡೇ ಉದುರಲು ಶುರುವಾದರೆ ಮಾತ್ರ ರಿಪೇರಿಯ ಮಾತು ಬಿಡಬೇಕು. ತುದಿಯ ತುಂಡನ್ನಷ್ಟೇ ಬದಲಿಸಲು ಹೋದರೆ ಆ ತಿರುಚುವ ಏಟು ಒಳಗಿನ ಎಲ್ಬೋಗೆ (ಪೈಪು ತಿರುಗುವ ಕಡೆಯ ಜೋಡಣೆ) ಬೀಳುತ್ತದೆ. ಅದೂ ಅಷ್ಟೇ ಹಳೆಯದು. ಆಗ ಸೋರಿಕೆ ಕಣ್ಣಿಗೆ ಕಾಣದ ಜಾಗಕ್ಕೆ ಹೋಗುತ್ತದೆ. ನನಗೆ ಹೆದರಿಕೆ ಇರುವುದೇ ಅದಕ್ಕೆ. ಅಮ್ಮ ಒಬ್ಬರೇ ಇರುವ ಮನೆ. ರಾತ್ರಿ ಪೈಪು ಮುರಿದರೆ ಟ್ಯಾಂಕ್ ಪೂರ್ತಿ ಅಡುಗೆಮನೆಗೇ ಇಳಿಯುತ್ತದೆ.

ಟ್ಯಾಂಕಿನಿಂದ ಇಳಿಯುವ ಲೈನಿನ ಗೇಟ್ ವಾಲ್ವನ್ನೂ ತಿರುಗಿಸಿ ನೋಡಿದೆವು. ಕದಲಲೇ ಇಲ್ಲ. ಮನೆ ಹಳೆಯದಾದರೆ ಇದನ್ನು ಇವತ್ತೇ ನೋಡಿಕೊಳ್ಳಿ. ಪೈಪು ಒಡೆದ ಹೊತ್ತಿನಲ್ಲಿ ನೀರು ನಿಲ್ಲಿಸಲು ಇರುವುದು ಅದೊಂದೇ ಅಲ್ವಾ.

ಕೆಲಸ ಗುರುವಾರಕ್ಕೆ ನಿಗದಿಯಾಗಿದೆ. ಟ್ಯಾಂಕ್ ಖಾಲಿ ಮಾಡಿಯೇ ಶುರು ಮಾಡಬೇಕು. ವಾಲ್ವಿನಿಂದ ಸಿಂಕಿನವರೆಗೆ ಸಿಪಿವಿಸಿ (ಬಿಸಿ ನೀರಿಗೂ ತಡೆಯುವ ಪ್ಲಾಸ್ಟಿಕ್) ಪೈಪು, ಹಳೆ ವಾಲ್ವಿನ ಜಾಗಕ್ಕೆ ಕಾಲು ಸುತ್ತಿಗೇ ಮುಚ್ಚುವ ಬಾಲ್ ವಾಲ್ವ್. ಪೈಪಿಗಾಗಿ ಗೋಡೆಯಲ್ಲಿ ಕೊರೆದ ಕಾಲುವೆಯನ್ನು ಮುಚ್ಚುವ ಮೊದಲು ಒಂದು ರಾತ್ರಿ ನೀರು ತುಂಬಿಸಿ ಬಿಟ್ಟು, ಜಾಯಿಂಟುಗಳನ್ನು ಬೆಳಗ್ಗೆ ಕೈಯಿಂದ ಮುಟ್ಟಿ ನೋಡಿ, ಆಮೇಲೆ ಸಿಮೆಂಟ್ ಅಂತ ಮಾತಾಗಿದೆ. ಒಡೆಯುವ ಟೈಲ್ಸಿಗೆ ಹೊಂದುವಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ, ಸಿಂಕಿನ ಕೆಳಗೆ ತಾನೇ, ಬಿಳಿಯದು ಯಾವುದಾದರೂ ನಡೆಯುತ್ತದೆ ಅಂದರು ಅಮ್ಮ.