ಆ ಮಾತನ್ನೇ ಬರೆಯಿರಿ

ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರಿಗೆ ಭಾನುವಾರ ರಜೆಯಲ್ಲ. ವಾರದ ಬಟ್ಟೆ ಒಗೆಯಬೇಕು, ರೇಷನ್ ತರಬೇಕು, ಮಕ್ಕಳಿಗೆ ತಲೆಗೆ ನೀರು ಹಾಕಬೇಕು, ನಲ್ಲಿಯಲ್ಲಿ ನೀರು ಬಂದರೆ ಹಿಡಿದಿಡಬೇಕು. ಅಂಥದ್ದೇ ಒಂದು ಭಾನುವಾರ ಬೆಂಗಳೂರಿನ ಲಗ್ಗೆರೆಯ ಸಮುದಾಯ ಭವನದಲ್ಲಿ ಮಾನವ ಹಕ್ಕು ಮತ್ತು ತಾರತಮ್ಯ ತಡೆಯುವ ಕಾನೂನುಗಳ ಬಗ್ಗೆ ತರಬೇತಿ ಇಟ್ಟಾಗ ಯಾರು ತಾನೇ ಬರುತ್ತಾರೆ ಅನ್ನಿಸಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಕುರ್ಚಿ ಸಾಲದೆ ಜಮಖಾನ ಹಾಸಬೇಕಾಯಿತು. ಪೀಣ್ಯದ ಟೈಲರ್‌ಗಳು, ಹೆಲ್ಪರ್‌ಗಳು, ಅಪಾರ್ಟ್‌ಮೆಂಟ್‌ಗಳಲ್ಲಿ ಮನೆಗೆಲಸ ಮಾಡುವವರು, ಪೌರಕಾರ್ಮಿಕರು, ಆಸ್ಪತ್ರೆ ಹೌಸ್‌ಕೀಪಿಂಗ್‌ನವರು, ಬಾಡಿಗೆ ಮನೆ ಸಿಗದೆ ಅಲೆಯುತ್ತಿದ್ದ ಒಬ್ಬ ಹುಡುಗ, ಇಬ್ಬರು ಆಟೋ ಅಣ್ಣಂದಿರು. ಕೆಲವರು ಮಕ್ಕಳನ್ನೂ ಕರೆತಂದಿದ್ದರು.

ನಾನು ಒಂದು ಫ್ಯಾಕ್ಟರಿಯಲ್ಲಿ ಚೆಕಿಂಗ್‌ನಲ್ಲಿದ್ದೇನೆ. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯಲ್ಲಿ ಕಾರ್ಮಿಕರ ಕಡೆಯ ಸದಸ್ಯೆ. ಸಮಿತಿಯಲ್ಲಿ ಕೂರುವವರಿಗೆ ಕಾಯ್ದೆ ಬಾಯಿಪಾಠವಲ್ಲದಿದ್ದರೂ ಕೈಗೆ ಸಿಗುವಷ್ಟಾದರೂ ಗೊತ್ತಿರಬೇಕು ಎಂದು ಹೋದವಳು.

ವಕೀಲೆ ಮೇಡಂ ಸಂವಿಧಾನದ ವಿಧಿಗಳಿಂದ ಶುರು ಮಾಡಲಿಲ್ಲ. ರಾಜಸ್ಥಾನದ ಭಂವರಿ ದೇವಿಯ ಕಥೆ ಹೇಳಿದರು. ಸರ್ಕಾರದ ಕಾರ್ಯಕ್ರಮವೊಂದರಲ್ಲಿ ಹಳ್ಳಿ ಮಟ್ಟದ ಕೆಲಸಗಾರ್ತಿ. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಮೇಲ್ಜಾತಿಯ ಗಂಡಸರು ಸೇರಿ ಆಕೆಯ ಮೇಲೆ ಅತ್ಯಾಚಾರ ಮಾಡಿದರು. ಕೆಳ ನ್ಯಾಯಾಲಯ 1995ರಲ್ಲಿ ಅತ್ಯಾಚಾರದ ಆರೋಪದಿಂದ ಅವರನ್ನು ಬಿಟ್ಟುಬಿಟ್ಟಿತು. ಆ ಪ್ರಕರಣವನ್ನು ಮುಂದಿಟ್ಟುಕೊಂಡು ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದದ್ದರಿಂದ 1997ರಲ್ಲಿ ವಿಶಾಖಾ ತೀರ್ಪು ಬಂತು, ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ರಕ್ಷಣೆಗೆ ಮೊದಲ ಸಲ ಮಾರ್ಗಸೂಚಿ ಬಂತು. ಅದು ಕಾಯ್ದೆಯಾಗಲು 2013ರವರೆಗೆ ಕಾಯಬೇಕಾಯಿತು. "ನೀವು ಇವತ್ತು ದೂರು ಕೊಡೋ ಸಮಿತಿ ಇದೆಯಲ್ಲ, ಅದು ಕಂಪನಿಯವರು ದಯೆ ತೋರಿಸಿ ಕೊಟ್ಟಿದ್ದಲ್ಲ. ಕೂಲಿ ಮಾಡೋ ಒಬ್ಬ ಹೆಣ್ಣುಮಗಳು ಬಾಯಿ ಮುಚ್ಚಲ್ಲ ಅಂದಿದ್ದಕ್ಕೆ ಬಂದಿದ್ದು" ಎಂದರು. ಮಾತಾಡುತ್ತಿದ್ದ ಹಿಂದಿನ ಸಾಲೂ ಸುಮ್ಮನಾಯಿತು.

ಆಮೇಲೆ ಕಾಯ್ದೆಯ ವಿಷಯ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು, ಇಲ್ಲದಿದ್ದರೆ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ಸಮಿತಿಯಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಹೆಂಗಸರಿರಬೇಕು, ಹೊರಗಿನ ಒಬ್ಬ ಸದಸ್ಯರೂ ಇರಬೇಕು. ಮನೆಗೆಲಸದವರಿಗೆ, ಸಣ್ಣ ಅಂಗಡಿಯಲ್ಲಿರುವವರಿಗೆ ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿ. ಬರೆಯಲು ಬಾರದವರಿಗೆ ದೂರು ಬರೆದುಕೊಡುವುದು ಸಮಿತಿಯದೇ ಹೊಣೆ. ಕೊನೆಗೆ ಮೇಡಂ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಎರಡು ಗೆರೆ ಎಳೆದದ್ದು: ಘಟನೆ ನಡೆದ 3 ತಿಂಗಳೊಳಗೆ ದೂರು. ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು.

ಅಲ್ಲೇ ಒಬ್ಬ ಹೆಲ್ಪರ್ ಹುಡುಗಿ ಎದ್ದು ನಿಂತಳು. "ಮೇಡಂ, ನಂದು ಯುಗಾದಿಗೆ ಮುಂಚೆ ಆಗಿದ್ದು. ಈಗ ದಸರಾ ಬಂತು." ಅಷ್ಟು ಹೇಳಿ ಕೂತುಬಿಟ್ಟಳು. ಸಮಿತಿಯ ಹತ್ತಿರ ತಡವಾದರೂ ಪೊಲೀಸ್ ಠಾಣೆಯ ದಾರಿ ಮುಚ್ಚಿಲ್ಲ ಎಂದು ಮೇಡಂ ಹೇಳಿದರು, ಊಟದ ಹೊತ್ತಿನಲ್ಲಿ ಅವಳನ್ನು ಪಕ್ಕಕ್ಕೆ ಕರೆದು ಮಾತಾಡಿದರು. ನನಗೆ ಮಾತ್ರ ಆ ಹುಡುಗಿಯ ಮಾತು ತಲೆಯಿಂದ ಹೋಗಲಿಲ್ಲ. ನಮ್ಮ ಕಡೆಯವರು ಸುಳ್ಳು ಹೇಳಿ ಸೋಲುವುದಿಲ್ಲ, ತಾರೀಖು ಮೀರಿ ಸೋಲುತ್ತಾರೆ. ಕೆಲಸ ಹೋದೀತು, ಗಂಡನಿಗೆ ಗೊತ್ತಾದೀತು, ಊರಲ್ಲಿ ಮಾತು ಬಂದೀತು ಎಂದು ನುಂಗಿಕೊಂಡು ನುಂಗಿಕೊಂಡು, ಧೈರ್ಯ ಬರುವ ಹೊತ್ತಿಗೆ ಕಾಯ್ದೆಯ ಬಾಗಿಲು ಅರ್ಧ ಮುಚ್ಚಿರುತ್ತದೆ. ಮೂರು ತಿಂಗಳು ಎಂಬುದು ಎಚ್.ಆರ್. ರೂಮಿನಲ್ಲಿ ಕೂತವರಿಗೆ ಧಾರಾಳ. ಟಾರ್ಗೆಟ್ ಮುಗಿಸಿ, ಮನೆಗೆ ಬಂದು ಒಲೆ ಹಚ್ಚುವವರಿಗೆ ಅದು ಏನೇನೂ ಸಾಲದು.

ಊಟಕ್ಕೆ ಮುಂಚೆ ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟರು. ನಿಮಗೆ ಆದದ್ದನ್ನು ದೂರಿನ ಹಾಗೆ ಬರೆಯಿರಿ: ತಾರೀಖು, ಹೊತ್ತು, ಜಾಗ, ಯಾರು, ಏನು ಹೇಳಿದರು, ಪಕ್ಕದಲ್ಲಿ ಯಾರಿದ್ದರು. ನನ್ನ ಪಕ್ಕದ ಟೈಲರ್ ಅಕ್ಕ ಚೆನ್ನಾದ ಅಕ್ಷರದಲ್ಲಿ ಬರೆದರು. "ಪ್ರೊಡಕ್ಷನ್ ಬರಲಿಲ್ಲ ಎಂದು ಸೂಪರ್‌ವೈಸರ್ ನನ್ನನ್ನು ಮರ್ಯಾದೆ ಇಲ್ಲದೆ ಬೈದರು." ಮೇಡಂ ಓದಿ, "ಏನಂತ ಬೈದರು ಅಕ್ಕ?" ಅಂದರು. "ಕೆಟ್ಟದಾಗಿ." "ಅದೇ, ಏನಂತ?" ಅಕ್ಕ ಪೆನ್ನಿನ ಕ್ಯಾಪ್ ಹಾಕಿದರು, ತೆಗೆದರು. "ದನ ಕಾಯೋಕೆ ಹೋಗು ಅಂದ ಮೇಡಂ. ಆಮೇಲೆ ಇನ್ನೊಂದು ಮಾತಂದ. ಅದನ್ನ ಬರೆಯೋಕಾಗಲ್ಲ. ನನ್ನ ಕೈಯಲ್ಲಿ ಆ ಅಕ್ಷರ ಬರಬಾರದು."

"ಅವನು ಐವತ್ತು ಜನರ ಮುಂದೆ ಆಡಿದ ಮಾತು ಅದು. ನಾಚಿಕೆ ಅವನಿಗಾಗಬೇಕು, ನಿಮ್ಮ ಕೈಗಲ್ಲ" ಎಂದರು ಮೇಡಂ. 'ಕೆಟ್ಟದಾಗಿ ಬೈದ' ಅಂದರೆ ವಿಚಾರಣೆಯಲ್ಲಿ ಅವನು 'ಸ್ವಲ್ಪ ಗಟ್ಟಿಯಾಗಿ ಮಾತಾಡಿದೆ, ಅಷ್ಟೇ' ಎನ್ನುತ್ತಾನೆ. ಅವನು ಆಡಿದ್ದು ಹೆಣ್ಣಿನ ಮೈಯನ್ನು ಎತ್ತಿ ಆಡಿದ ಮಾತಾದರೆ ಅದು ಲೈಂಗಿಕ ಕಿರುಕುಳದ ಲೆಕ್ಕಕ್ಕೆ ಬರುತ್ತದೆ. ಜಾತಿ ಹಿಡಿದು ಆಡಿದ್ದಾದರೆ, ಬೈಸಿಕೊಂಡವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ, 1989ರ ದೌರ್ಜನ್ಯ ತಡೆ ಕಾಯ್ದೆಗೆ ಬರುತ್ತದೆ. ಯಾವ ಕಾಯ್ದೆ ಎಂದು ತೀರ್ಮಾನವಾಗುವುದೇ ಆ ಮಾತಿನಿಂದ. ಅಕ್ಕ ಬಹಳ ಹೊತ್ತು ಹಾಳೆ ನೋಡುತ್ತಾ ಕೂತಿದ್ದರು. ಆಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸದೆ, ಎಡಗೈ ಅಡ್ಡ ಹಿಡಿದು ಬರೆದರು. ಆ ಎಡಗೈ ಬೆರಳಿನ ಉಗುರಲ್ಲಿ ಹಳೆಯ ಸೂಜಿ ಏಟಿನ ಕಪ್ಪು ಗುರುತಿತ್ತು. ಬರೆದ ಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ ಇಟ್ಟುಕೊಂಡರು.

ಮಧ್ಯಾಹ್ನ ಜಾತಿಯ ಮಾತು ಬಂದಾಗ ಭವನದ ಗಾಳಿಯೇ ಬೇರೆಯಾಯಿತು. ಪೌರಕಾರ್ಮಿಕರಲ್ಲಿ ಹಿರಿಯರೊಬ್ಬರು, ಬೇಸಿಗೆಯಲ್ಲಿ ನೀರು ಕೇಳಿದರೆ ಬಾಟಲಿಯನ್ನು ಕೈಗೆ ಕೊಡದೆ ಗೇಟಿನ ಪಕ್ಕ ನೆಲದ ಮೇಲಿಟ್ಟು ಹೋಗುವ ಮನೆಗಳ ಬಗ್ಗೆ ಹೇಳಿದರು. ದೇವರಾಜ ಅರಸರ ಕಾಲದಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ನಾಡು ಇದು. ಐವತ್ತು ವರ್ಷ ಕಳೆದಿದೆ. ಬುಟ್ಟಿ ಹೋಯಿತು, ಗೇಟಿನ ಪಕ್ಕ ಬಾಟಲಿ ಇಡುವುದು ಹೋಗಿಲ್ಲ.

ಮನೆಗೆಲಸದ ಅಕ್ಕ ಒಬ್ಬರು ಕೇಳಿದ ಪ್ರಶ್ನೆಗೆ ಮೇಡಂ ತಕ್ಷಣ ಉತ್ತರ ಕೊಡಲಿಲ್ಲ. "ನನಗೆ ಬೇರೆ ಲೋಟ ಇಟ್ಟವರೆ, ಬಾತ್‌ರೂಮ್ ಹತ್ರ ಕಿಟಕೀಲಿ. ಜಾತಿ ಎತ್ತಿ ಒಂದು ಮಾತೂ ಅಂದವರೆ. ಆಗ ಅಡುಗೆಮನೇಲಿ ಇದ್ದಿದ್ದು ನಾನು, ಆಯಮ್ಮ, ಇಬ್ಬರೇ." ದೌರ್ಜನ್ಯ ತಡೆ ಕಾಯ್ದೆಯಲ್ಲಿ ಜಾತಿ ನಿಂದನೆಯ ಅಪರಾಧಕ್ಕೆ ಮಾತು ಸಾರ್ವಜನಿಕರ ಎದುರಿಗೆ ನಡೆದಿರಬೇಕು. ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಿದ್ದರೆ ಆ ಕಲಂ ನಿಲ್ಲುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಫ್ಯಾಕ್ಟರಿ ಲೈನಿನಲ್ಲಿ ಬೈದರೆ ಸಾಕ್ಷಿ ಸಾಲು ಸಾಲು ಇರುತ್ತಾರೆ. ಮನೆಗೆಲಸದವರ ಕೆಲಸದ ಜಾಗವೇ ನಾಲ್ಕು ಗೋಡೆ. ಅವರ ಪಾಲಿಗೆ ಅಡುಗೆಮನೆ ಫ್ಯಾಕ್ಟರಿಯೇ ಅಲ್ಲವೇ? ಕರ್ನಾಟಕ ಸರ್ಕಾರ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿ ಅದೂ ಒಂದು ಉದ್ಯೋಗ ಎಂದು ಒಪ್ಪಿದೆ. ಕೂಲಿಯ ಲೆಕ್ಕಕ್ಕೆ ಉದ್ಯೋಗ, ಮಾನದ ಲೆಕ್ಕಕ್ಕೆ ಬೇರೆಯವರ ಮನೆಯೊಳಗಿನ ವಿಷಯ ಎಂಬುದನ್ನು ನಾನು ಒಪ್ಪಲಾರೆ.

ಬಾಡಿಗೆ ಮನೆಯ ಹುಡುಗನ ಪ್ರಶ್ನೆಯೂ ಇಂಥದ್ದೇ. ಹೆಸರು ಕೇಳುವವರೆಗೆ ಮನೆ ಖಾಲಿ ಇರುತ್ತದೆ, ಹೆಸರು ಹೇಳಿದ ಕೂಡಲೇ 'ನಿನ್ನೆ ತಾನೇ ಅಡ್ವಾನ್ಸ್ ಕೊಟ್ಟು ಹೋದರು' ಎನ್ನುತ್ತಾರೆ ಎಂದ. ಅವನು ಮುಸ್ಲಿಂ. ಅವನ ಜೊತೆಗೇ ದಲಿತ ಹುಡುಗಿಯೊಬ್ಬಳು, ನಮಗೂ ಹಾಗೇ, 'ನಾನ್‌ವೆಜ್ ತಿಂತೀರಾ' ಅಂತ ಸುತ್ತಿ ಬಳಸಿ ಕೇಳುತ್ತಾರೆ ಎಂದಳು. ಮೇಡಂ ಇಬ್ಬರಿಗೂ ಬೇರೆ ಬೇರೆ ಉತ್ತರ ಕೊಡಬೇಕಾಯಿತು. ಅಸ್ಪೃಶ್ಯತೆಯ ಕಾರಣಕ್ಕೆ ವಾಸದ ಮನೆ ಹಿಡಿಯದಂತೆ ತಡೆಯುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಅದರಲ್ಲೂ ಅನ್ಯಾಯಕ್ಕೊಳಗಾದವರು ಪರಿಶಿಷ್ಟ ಜಾತಿಯವರಾದರೆ, ಹಾಗೆ ಮಾಡಿದ್ದು ಅಸ್ಪೃಶ್ಯತೆಯಿಂದಲೇ ಎಂದು ನ್ಯಾಯಾಲಯ ಭಾವಿಸಿಕೊಂಡೇ ಮುಂದುವರಿಯುತ್ತದೆ. ಅಲ್ಲ ಎಂದು ತೋರಿಸಬೇಕಾದವರು ಆರೋಪಿ. ಆದರೆ ಧರ್ಮದ ಕಾರಣಕ್ಕೆ ಮನೆ ಕೊಡದ ಖಾಸಗಿ ಮಾಲೀಕನನ್ನು ನೇರವಾಗಿ ಹಿಡಿಯುವ ಕಾಯ್ದೆ ಇಲ್ಲ. ಸಂವಿಧಾನದ 15ನೇ ವಿಧಿ ಧರ್ಮ, ಜಾತಿ, ಲಿಂಗದ ಹೆಸರಲ್ಲಿ ತಾರತಮ್ಯ ಮಾಡಬೇಡ ಎಂದು ಸರ್ಕಾರಕ್ಕೆ ಹೇಳುತ್ತದೆ. ಅಂಗಡಿ, ಹೋಟೆಲು, ಬಾವಿ, ಕೆರೆಗಳ ಮಟ್ಟಿಗೆ ಎಲ್ಲರಿಗೂ ಹೇಳುತ್ತದೆ. ಬಾಡಿಗೆ ಮನೆಯ ಬಾಗಿಲಲ್ಲಿ ನಿಂತುಬಿಡುತ್ತದೆ. "ಹಂಗಾದ್ರೆ ನಾನು ಹೋಟೆಲಲ್ಲಿ ಕಾಫಿ ಕುಡೀಬಹುದು, ಮನೆ ಮಾತ್ರ ಕೇಳಂಗಿಲ್ಲ" ಎಂದ ಹುಡುಗ. ಹೌದು, ಇಂಥ ಎಲ್ಲ ಬಗೆಯ ತಾರತಮ್ಯಕ್ಕೂ ಒಂದೇ ಕಾಯ್ದೆ ಬೇಕು ಎಂದು ಕೇಳುವುದೂ ಹಕ್ಕಿನ ಕೆಲಸವೇ ಎಂದರು ಮೇಡಂ. ಇಲ್ಲದ ಕಾನೂನನ್ನು ಇದೆ ಎಂದು ಸಮಾಧಾನ ಹೇಳಲಿಲ್ಲವಲ್ಲ, ಅದಕ್ಕೇ ಅವರ ಮೇಲೆ ನನಗೆ ನಂಬಿಕೆ ಬಂತು.

ಉಳಿದದ್ದು ಎಲ್ಲಿಗೆ ಹೋಗಬೇಕು ಎಂಬ ವಿಚಾರ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಬಹುದು, ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ರಾಜ್ಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಪೊಲೀಸರು ದೂರನ್ನೇ ತೆಗೆದುಕೊಳ್ಳದೆ ಓಡಿಸಿದರೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಬಿಳಿ ಹಾಳೆಯಲ್ಲಿ ಬರೆದರೂ ಸಾಕು, ಆದರೆ ಒಂದು ವರ್ಷದೊಳಗೆ. ಮತ್ತೆ ತಾರೀಖು! ಎಲ್ಲಿ ಕೊಟ್ಟರೂ ಒಂದು ಪ್ರತಿ ಇಟ್ಟುಕೊಂಡು ಅದರ ಮೇಲೆ ಸೀಲು ಹಾಕಿಸಿಕೊಳ್ಳಿ ಎಂದು ಮೇಡಂ ಎರಡೆರಡು ಸಲ ಹೇಳಿದರು.

ನನ್ನ ಪಾಲಿಗೆ ಆ ದಿನದಿಂದ ಹುಟ್ಟಿದ ಕೆಲಸ ಬೇರೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 19ನೇ ಕಲಂ ಪ್ರಕಾರ ಸಮಿತಿಯಲ್ಲಿ ಯಾರಿದ್ದಾರೆ, ತಪ್ಪು ಮಾಡಿದರೆ ಏನು ಶಿಕ್ಷೆ ಎಂಬುದನ್ನು ಎಲ್ಲರ ಕಣ್ಣಿಗೆ ಬೀಳುವಲ್ಲಿ ಹಾಕಬೇಕು, ಆಗಾಗ್ಗೆ ಕಾರ್ಮಿಕರಿಗೆ ತಿಳಿವಳಿಕೆ ಕಾರ್ಯಕ್ರಮ ನಡೆಸಬೇಕು. ಅಂದರೆ ಈ ತರಬೇತಿ ನಮ್ಮ ಭಾನುವಾರ ತಿಂದು ನಡೆಯಬೇಕಾದದ್ದಲ್ಲ, ಮಾಲೀಕರೇ ನಡೆಸಬೇಕಾದದ್ದು. ಸೋಮವಾರ ಹೋಗಿ ನೋಡಿದರೆ ನಮ್ಮಲ್ಲಿ ಆ ನೋಟಿಸ್ ಇತ್ತು. ಇಂಗ್ಲಿಷಿನಲ್ಲಿ, ಎಚ್.ಆರ್. ರೂಮಿನ ಪಕ್ಕ, ಬೆಂಕಿ ಆರಿಸುವ ಸಿಲಿಂಡರಿನ ಹಿಂದೆ. ಸಮಿತಿಯ ಸಭೆಯಲ್ಲಿ ಬರೆದುಕೊಟ್ಟೆ: ಕನ್ನಡದಲ್ಲಿ, ಹಿಂದಿಯಲ್ಲಿ, ಒಡಿಯಾದಲ್ಲಿ ಬೇಕು, ಊಟದ ಹಾಲಿನಲ್ಲಿ ಬೇಕು, 3 ತಿಂಗಳು ಎಂಬುದು ದಪ್ಪಕ್ಷರದಲ್ಲಿ ಇರಬೇಕು, ತರಬೇತಿ ಸಂಬಳದ ಹೊತ್ತಿನಲ್ಲಿ ಆಗಬೇಕು. ನನ್ನ ಪ್ರತಿಗೆ ಸೀಲು ಹಾಕಿಸಿಕೊಂಡೆ. ಹೊತ್ತಿನ ವಿಷಯಕ್ಕೆ ಇನ್ನೂ 'ನೋಡೋಣ' ಎನ್ನುತ್ತಿದ್ದಾರೆ. ಕನ್ನಡದ ಬೋರ್ಡ್ ಊಟದ ಹಾಲಿಗೆ ಬಂದಿದೆ. ಒಡಿಯಾದಲ್ಲಿ ಬರೆದುಕೊಡಲು ಹಾಸ್ಟೆಲಿನ ಹುಡುಗಿಯರು ಒಪ್ಪಿದ್ದಾರೆ, ಮುಂದಿನ ಸಭೆಗೆ ಅದನ್ನು ತೆಗೆದುಕೊಂಡು ಹೋಗುತ್ತೇನೆ.