‘ಬಡ್ಡಿ ಇದೆಯಾ’ ಅಂತ ಕೇಳಿದ್ದೇ ತಪ್ಪಾಯ್ತು

ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಜೊತೆಗೆ ಇಸ್ಲಾಮಿಕ್ ಹಣಕಾಸಿನ ಮೇಲೆ, ಅಂದರೆ ಬಡ್ಡಿ ನಿಷಿದ್ಧ ಅನ್ನೋ ವ್ಯವಹಾರದ ಮೇಲೆ ಪಿಎಚ್‌ಡಿ. ಬಡ್ಡಿಯಿಲ್ಲದ ಸಾಲ ನಮ್ಮ ಕಾಫಿ ಸೀಮೆಯಲ್ಲಿ ಮೊದಲಿಂದಲೂ ಇದೆ ಅಂತ ತೋರಿಸಬೇಕು ಅನ್ನೋದು ನನ್ನ ಆಸೆಯಾಗಿತ್ತು.

ಆಲ್ದೂರು ಸುತ್ತ ಸಣ್ಣ ಬೆಳೆಗಾರರ ಮನೆಮನೆಗೆ ಹೋದೆ. ಮಳೆಗಾಲದಲ್ಲಿ ಕೈ ಖಾಲಿ. ಗೊಬ್ಬರಕ್ಕೆ, ಆಳಿನ ಕೂಲಿಗೆ ವ್ಯಾಪಾರಿ ಹತ್ತಿರ ಮುಂಗಡ ತರುತ್ತಾರೆ. ಕೊಯ್ಲಾದ ಮೇಲೆ ಕಾಫಿಯನ್ನು ಅವರಿಗೇ ಹಾಕುತ್ತಾರೆ. ನನ್ನ ಫಾರಂನಲ್ಲಿ ಒಂದು ಪ್ರಶ್ನೆ ಇತ್ತು, ‘ಮುಂಗಡಕ್ಕೆ ಬಡ್ಡಿ ಇದೆಯೇ?’ ಎಲ್ಲರೂ ಇಲ್ಲ ಅಂದರು. ‘ಬಡ್ಡಿ ಎಲ್ಲಿ ಬಂತು ಮೇಡಂ, ಅವರು ನಮ್ಮವರೇ ಇದ್ದ ಹಾಗೆ’ ಅಂದರು ಒಬ್ಬ ಅಜ್ಜಿ.

ನನಗೆ ಖುಷಿಯೋ ಖುಷಿ. ಇದು ಸಲಮ್ ವ್ಯಾಪಾರವೇ ಅಂತ ಒಂದು ಅಧ್ಯಾಯ ಬರೆದೂಬಿಟ್ಟೆ. ಸಲಮ್ ಅಂದರೆ ದುಡ್ಡು ಮೊದಲು, ಮಾಲು ಆಮೇಲೆ. ಮದೀನಾದಲ್ಲಿ ಖರ್ಜೂರಕ್ಕೆ ವರ್ಷ, ಎರಡು ವರ್ಷ ಮುಂಚೆಯೇ ದುಡ್ಡು ಕೊಡುತ್ತಿದ್ದರು. ಅಳತೆ, ತೂಕ, ಗಡುವು ಮೊದಲೇ ಗೊತ್ತಾಗಿರಬೇಕು ಅಂತ ಹೇಳಿ ಪ್ರವಾದಿಯವರು ಅದಕ್ಕೆ ಒಪ್ಪಿಗೆ ಕೊಟ್ಟಿದ್ದರು.

ಆಮೇಲೆ ಒಬ್ಬ ಹಿರಿಯ ವ್ಯಾಪಾರಿಯ ಅಂಗಡಿಗೆ ಹೋದೆ. ಸಾಹೇಬರು ಚಹಾ ತರಿಸಿ, ಏನೂ ಮುಚ್ಚಿಡದೆ ಲೆಕ್ಕದ ಪುಸ್ತಕ ತೆಗೆದು ನನ್ನ ಮುಂದಿಟ್ಟರು. ಉದ್ದನೆ ಕೆಂಪು ರಟ್ಟಿನ ಪುಸ್ತಕ, ಅಂಚೆಲ್ಲ ಕಾಫಿ ಧೂಳು. ಆಗಸ್ಟ್‌ನಲ್ಲಿ ಮುಂಗಡ 50,000. ಫೆಬ್ರವರಿಗೆ ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, 20 ಮೂಟೆ. ರೇಟಿನ ಕಾಲಂನಲ್ಲಿ ‘ಆ ದಿನದ್ದು, 200 ಕಡಿಮೆ’ ಅಂತ ಬರೆದಿತ್ತು.

ಅಲ್ಲೇ ಕೂತು ಲೆಕ್ಕ ಹಾಕಿದೆ. ಮೂಟೆಗೆ 200 ಅಂದರೆ 20 ಮೂಟೆಗೆ 4,000. ಆರು ತಿಂಗಳಿಗೆ ನೂರಕ್ಕೆ 8, ವರ್ಷಕ್ಕೆ 16. ‘ಅದು ಬಡ್ಡಿ ಅಲ್ಲ ಮೇಡಂ, ರೇಟಲ್ಲಿ ಹೊಂದಾಣಿಕೆ’ ಅಂದರು ಸಾಹೇಬರು. ಅವರು ಮನಸ್ಸಿಂದಲೇ ಹಾಗೆ ನಂಬಿದ್ದರು.

ಇಲ್ಲೊಂದು ಸೂಕ್ಷ್ಮ ಇದೆ. ಸಲಮ್‌ನಲ್ಲೂ ಬೆಲೆ ಸ್ವಲ್ಪ ಇಳಿಸಿಕೊಳ್ಳಬಹುದು, ಅದು ತಪ್ಪಲ್ಲ. ಆದರೆ ಆ ಬೆಲೆ ಮಾತಾಡಿದ ದಿನವೇ ನಿಗದಿಯಾಗಬೇಕು, ದುಡ್ಡೂ ಪೂರ್ತಿ ಮೊದಲೇ ಕೈಸೇರಬೇಕು. ನಾಳೆ ಪೇಟೆಯಲ್ಲಿ ರೇಟು ಬಿದ್ದರೆ ನಷ್ಟ ದುಡ್ಡು ಕೊಟ್ಟವರದ್ದು. ಇಲ್ಲಿ ಕೊಟ್ಟಿದ್ದು ಅರ್ಧಂಬರ್ಧ ದುಡ್ಡು. ರೇಟು ಏರಲಿ ಇಳಿಯಲಿ, ವ್ಯಾಪಾರಿಯ 200 ಗಟ್ಟಿ. ಏರಿಳಿತ ಪೂರ್ತಿ ಬೆಳೆಗಾರನ ತಲೆ ಮೇಲೆ. ಇದು ಸಾಲ, ಮೇಲೆ ಲಾಭ. ಅಷ್ಟೇ ಅಲ್ಲ, ‘ನಮ್ಮ ಈ ತೋಟದ ಕಾಫಿ’ ಅಂತ ಮಾತಾಗಿರುತ್ತದೆ. ಇಂಥದ್ದೇ ತೋಟದ ಫಸಲು ಅಂತ ಗೊತ್ತುಮಾಡಿದರೆ ಬಹುಪಾಲು ಧರ್ಮಶಾಸ್ತ್ರಜ್ಞರು ಅದನ್ನು ಸಲಮ್ ಅಂತ ಒಪ್ಪುವುದಿಲ್ಲ. ಆ ತೋಟವೇ ಕೈಕೊಟ್ಟರೆ ಏನು ಗತಿ, ಅಲ್ವಾ?

ಹೆಸರು ಒಂದು, ಒಳಗಿನ ಲೆಕ್ಕ ಇನ್ನೊಂದು ಅನ್ನೋ ಜಗಳ ಈ ವಿಷಯದಲ್ಲಿ ಹಳೆಯದು. 1976ರಲ್ಲಿ ಮಕ್ಕಾದಲ್ಲಿ ಇಸ್ಲಾಮಿಕ್ ಅರ್ಥಶಾಸ್ತ್ರದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಲಾಭ ನಷ್ಟ ಇಬ್ಬರೂ ಹಂಚಿಕೊಳ್ಳಬೇಕು ಅನ್ನೋದು ಆ ತಲೆಮಾರಿನ ವಿದ್ವಾಂಸರ ದೊಡ್ಡ ಕನಸು. ಬ್ಯಾಂಕುಗಳು ಮಾತ್ರ ಜಾಸ್ತಿ ಹಿಡಿದಿದ್ದು ಮುರಾಬಹಾ ದಾರಿ. ವಸ್ತು ಕೊಂಡು, ಮೇಲೆ ಲಾಭ ಸೇರಿಸಿ, ಕಂತಿನಲ್ಲಿ ಮಾರೋದು. ಇದಕ್ಕೂ ಬಡ್ಡಿಗೂ ಏನು ವ್ಯತ್ಯಾಸ ಅಂತ ವಿದ್ವಾಂಸರೊಳಗೇ ಕೇಳುತ್ತಾ ಬಂದಿದ್ದಾರೆ. ಇದನ್ನೆಲ್ಲ ಓದಿಯೂ ನಾನು ಫಾರಂನಲ್ಲಿ ಬರೀ ಹೆಸರು ಕೇಳಿದ್ದೆ.

ಆ ಅಧ್ಯಾಯ ಕೈಬಿಟ್ಟು ಫಾರಂ ಬದಲಿಸಿದೆ. ಈಗ ಬಡ್ಡಿ ಅನ್ನೋ ಪದವೇ ಅದರಲ್ಲಿಲ್ಲ. ಯಾವ ತಿಂಗಳು ಎಷ್ಟು ತಂದಿರಿ, ಎಷ್ಟು ಮೂಟೆ ಹಾಕಿದಿರಿ, ಆ ದಿನ ಪೇಟೆ ರೇಟೆಷ್ಟು, ನಿಮಗೆ ಸಿಕ್ಕಿದ್ದೆಷ್ಟು. ಕೊನೆಗೆ, ಫಸಲು ಹೋದ ವರ್ಷ ಲೆಕ್ಕ ಏನಾಯ್ತು?

ಈ ಕೊನೇ ಪ್ರಶ್ನೆಯನ್ನು ಮೊದಲು ಕೇಳಿದ್ದು ಸಾಹೇಬರನ್ನೇ. ಅವರು 2019ರ ಪುಟ ತಿರುಗಿಸಿದರು. ಆ ಆಗಸ್ಟ್ ಮಳೆ ಮಲೆನಾಡಿನಲ್ಲಿ ಯಾರಿಗೆ ಮರೆತಿದೆ? ಕಾಯಿ ಉದುರಿ, ಕೊಳೆರೋಗ ಹಿಡಿದು, ಮೂಡಿಗೆರೆ ಕಡೆ ಗುಡ್ಡವೇ ಜರಿದಿತ್ತು. ಆ ಪುಟದಲ್ಲಿ ಏಳು ಹೆಸರಿನ ಮುಂದೆ ‘ಮುಂದಿನ ವರ್ಷಕ್ಕೆ’ ಅಂತಷ್ಟೇ ಇತ್ತು. 2020ರ ಪುಟದಲ್ಲಿ ಅದೇ ಮೊತ್ತ ಬಂದಿತ್ತು, ಒಂದು ರೂಪಾಯಿ ಕೂಡಿಸಿರಲಿಲ್ಲ. 200ರ ಕಡಿತವನ್ನೂ ಹಿಡಿದಿರಲಿಲ್ಲ. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲ ಆಗುವವರೆಗೆ ಕಾಯಿರಿ ಅಂತ ಕುರಾನಿನಲ್ಲಿ ಇದೆ. ‘ಓದಿದ್ದೀರಲ್ಲ, ನಿಮಗೇ ಗೊತ್ತು’ ಅಂತ ಹೇಳಿ ಸಾಹೇಬರು ಪುಸ್ತಕ ಮುಚ್ಚಿದರು.

ಆ ಏಳು ಮನೆಗೆ ಈಗ ಒಂದೊಂದಾಗಿ ಹೋಗುತ್ತಿದ್ದೇನೆ. ಮೂರು ಮುಗಿದಿವೆ.